ನ್ಯೂಜೆರ್ಸಿ ಬಿಟ್ಟು ಚಟನೂಗಕ್ಕೆ ಹೋಗಬಹುದಾ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನಮ್ಮ ಯಜಮಾನರಿಗೆ ಟೆನೆಸ್ಸಿ ರಾಜ್ಯದ ಚಟನೂಗದಲ್ಲಿ ಕೆಲಸ ಸಿಕ್ಕಿದೆ. ಸಂಬಳ ಈಗಿನದ್ದಕ್ಕಿಂತ ಕಡಿಮೆ. ಆದರೆ ಅಲ್ಲಿ ಖರ್ಚೂ ಕಡಿಮೆ, ಊರು ಜೋರಾಗಿ ಬೆಳೆಯುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಅತ್ತೆ, ಮಾವ ಹಾಸನದಿಂದ ಬಂದು ಕೆಲವು ತಿಂಗಳು ನಮ್ಮ ಜೊತೆ ಇರುತ್ತಾರೆ. ನಾವಿನ್ನೂ ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿದ್ದೇವೆ. ಊರು ಬೆಳೆಯುತ್ತಿದೆ ಅಂದರೆ ಅಲ್ಲಿ ಬದುಕು ಚೆನ್ನಾಗಿರುತ್ತೆ ಅಂತಾನಾ? ಬೆಳವಣಿಗೆಯಿಂದ ಬದುಕು ಸುಧಾರಿಸಿತಾ, ಇಲ್ಲ ಬದುಕು ಸುಧಾರಿಸಿದ್ದರಿಂದ ಬೆಳವಣಿಗೆ ಬಂತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಚಟನೂಗದಲ್ಲಿ ಮೊದಲು ಬಂದದ್ದು ಬದುಕಿನ ಸುಧಾರಣೆ. ಬೆಳವಣಿಗೆ ಬಂದದ್ದು ಆಮೇಲೆ. ಅಮೆರಿಕದ ದಕ್ಷಿಣದ ಎಷ್ಟೋ ಊರುಗಳು ಇದನ್ನು ತಿರುಗುಮುರುಗು ಮಾಡಿದವು. ತೆರಿಗೆ ಬಿಟ್ಟುಕೊಟ್ಟು, ಅಗ್ಗದ ಜಾಗ, ಅಗ್ಗದ ಕೂಲಿ ತೋರಿಸಿ ಮೊದಲು ಕಾರ್ಖಾನೆ ಕರೆದು ತಂದವು. ಗಾಳಿ, ನೀರು, ಪಾರ್ಕು, ಶಾಲೆ ಎಲ್ಲ ಆಮೇಲೆ ನೋಡೋಣ ಅಂದವು. ಚಟನೂಗ ಹಾಗೆ ಮಾಡಲಿಲ್ಲ ಅನ್ನುವುದೇ ಅದರ ಹೆಚ್ಚುಗಾರಿಕೆ. ಆದರೆ ಆ ಬೆಳವಣಿಗೆಯ ಹಣ್ಣು ಎಲ್ಲ ಬೀದಿಗೂ ಒಂದೇ ಥರ ಸಿಕ್ಕಿಲ್ಲ. ಹಾಗಾಗಿ ಹೋಗಬಹುದು ಅಂತಲೇ ನನ್ನ ಮಾತು. ಆದರೆ ಕೆಲವು ವಿಷಯ ತಿಳಿದುಕೊಂಡು ಹೋಗಿ.

ಊರಿನ ಹಳೆಯ ಕಥೆ ಗೊತ್ತಿದ್ದರೆ ಇವತ್ತಿನ ಊರು ಅರ್ಥವಾಗುತ್ತದೆ. ಚಟನೂಗ ಟೆನೆಸ್ಸಿ ನದಿಯ ದಂಡೆಯಲ್ಲಿದೆ. ಸುತ್ತ ಬೆಟ್ಟಗುಡ್ಡ. ನೋಡಲು ಚೆಂದ, ಆದರೆ ಹೊಗೆಗೆ ಹೇಳಿ ಮಾಡಿಸಿದ ಜಾಗ. ಲೋಹ ಎರಕ ಹೊಯ್ಯುವ ಫೌಂಡ್ರಿಗಳು, ಕಲ್ಲಿದ್ದಲು ಸುಟ್ಟು ಕೋಕ್ ಮಾಡುವ ಭಟ್ಟಿಗಳು, ಸೇನೆಗೆ ಟಿಎನ್‌ಟಿ ಎಂಬ ಸ್ಫೋಟಕ ಮಾಡುವ ದೊಡ್ಡ ಕಾರ್ಖಾನೆ ಎಲ್ಲವೂ ಅಲ್ಲಿದ್ದವು. ಆ ಹೊಗೆ ಮೇಲೆ ಹೋಗಲಾಗದೆ ಕಣಿವೆಯಲ್ಲೇ ಕೂರುತ್ತಿತ್ತು. ಹಗಲಲ್ಲೇ ಕಾರಿನ ದೀಪ ಹಾಕಿಕೊಂಡು ಓಡಾಡುತ್ತಿದ್ದೆವು, ಮಧ್ಯಾಹ್ನದ ಹೊತ್ತಿಗೆ ಅಂಗಿ ಬದಲಿಸಬೇಕಾಗುತ್ತಿತ್ತು ಅಂತ ಅಲ್ಲಿನ ಹಿರಿಯರು ಹೇಳುತ್ತಾರೆ. 1969ರಲ್ಲಿ ಕೇಂದ್ರ ಸರ್ಕಾರವೇ ಇದನ್ನು ದೇಶದ ಅತಿ ಕೊಳಕು ಗಾಳಿಯ ಊರು ಅಂತ ಹೆಸರಿಸಿತು. ಆಗಿನ ಹೆಸರಾಂತ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ಟಿವಿ ವಾರ್ತೆಯಲ್ಲಿ ಅದನ್ನು ಇಡೀ ದೇಶಕ್ಕೆ ಹೇಳಿದರು.

ಊರಿಗೆ ಆದ ಅವಮಾನ ಸಣ್ಣದಲ್ಲ. ಆದರೆ ಆ ವರ್ಷವೇ ಅವರು ಹೊಗೆ ತಡೆಯುವ ಸ್ಥಳೀಯ ಕಾನೂನು ತಂದರು. ಕಾರ್ಖಾನೆಗಳಿಗೆ 1972ರ ಗಡುವು ಕೊಟ್ಟರು. ಕೇಂದ್ರದ ಬಿಗಿಯಾದ ವಾಯು ಕಾನೂನು ಬಂದದ್ದು 1970ರಲ್ಲಿ. ಅದಕ್ಕೂ ಮೊದಲೇ ಈ ಊರು ತಾನಾಗಿ ಕೈಹಾಕಿತ್ತು. 1989ರ ಹೊತ್ತಿಗೆ ಚಟನೂಗದ ಗಾಳಿ ಕೇಂದ್ರದ ಎಲ್ಲ ಮಟ್ಟಗಳನ್ನೂ ಮುಟ್ಟಿತು.

ಗಾಳಿ ಶುದ್ಧವಾಯಿತು, ಆದರೆ ಅದೇ ಕಾಲಕ್ಕೆ ಕೆಲಸಗಳು ಹೋದವು. ಫೌಂಡ್ರಿಗಳು ಒಂದೊಂದಾಗಿ ಮುಚ್ಚಿದವು. 1980ರಲ್ಲಿ 1.70 ಲಕ್ಷದ ಹತ್ತಿರ ಇದ್ದ ಜನಸಂಖ್ಯೆ 1990ಕ್ಕೆ 1.52 ಲಕ್ಷಕ್ಕೆ ಇಳಿಯಿತು. ಊರಿನ ನಡುಭಾಗ ಸಂಜೆ ಐದಾದರೆ ಖಾಲಿ. ಇಲ್ಲಿ ಹೆದರಿಕೊಂಡು, ಸಿಕ್ಕ ಕಂಪನಿಗೆ ಸಿಕ್ಕಿದ್ದು ಕೊಟ್ಟು ಕರೆಯಬಹುದಿತ್ತು. ಅವರು ಬೇರೆ ದಾರಿ ಹಿಡಿದರು. 1984ರಲ್ಲಿ 'ವಿಷನ್ 2000' ಅಂತ ಸಭೆಗಳನ್ನು ನಡೆಸಿದರು. 1,700ಕ್ಕೂ ಹೆಚ್ಚು ಜನ ಬಂದು ಈ ಊರಿಗೆ ಏನು ಬೇಕು ಅಂತ ಹೇಳಿದರು. ಅದರಿಂದ 40 ಗುರಿಗಳ ಪಟ್ಟಿ ಆಯಿತು. ಜನ ಮತ್ತೆ ಮತ್ತೆ ಕೇಳಿದ್ದು ನದಿಯನ್ನು. ಅಷ್ಟು ದೊಡ್ಡ ನದಿ ಊರೊಳಗೇ ಹರಿಯುತ್ತಿದೆ, ಆದರೆ ದಂಡೆಗೆ ಹೋಗಲು ದಾರಿಯೇ ಇಲ್ಲ. ಗೋದಾಮು, ಕಾರ್ಖಾನೆ, ರಸ್ತೆ ಎಲ್ಲ ಸೇರಿ ಅದನ್ನು ಮುಚ್ಚಿದ್ದವು.

ಆಮೇಲಿನದ್ದು ನಿಧಾನದ ಕೆಲಸ. 1992ರಲ್ಲಿ ನದಿ ಪಕ್ಕ ಟೆನೆಸ್ಸಿ ಅಕ್ವೇರಿಯಂ ತೆರೆಯಿತು. ಅದಕ್ಕೆ ಬೇಕಾದ 4.5 ಕೋಟಿ ಡಾಲರಿನಲ್ಲಿ ಬಹುಪಾಲು ಖಾಸಗಿ ದೇಣಿಗೆ. ಅದರ ಹಿಂದೆ ಮುಖ್ಯವಾಗಿ ನಿಂತವರು ಜ್ಯಾಕ್ ಲಪ್ಟನ್. ಕೋಕಾ-ಕೋಲಾವನ್ನು ಬಾಟಲಿಯಲ್ಲಿ ತುಂಬಿ ಮಾರುವ ಹಕ್ಕನ್ನು 1899ರಲ್ಲಿ ಒಂದು ಡಾಲರಿಗೆ ಪಡೆದವರು ಚಟನೂಗದ ವಕೀಲರು. ಆ ವ್ಯಾಪಾರದಿಂದ ಬೆಳೆದ ಮನೆತನಗಳಲ್ಲಿ ಲಪ್ಟನ್ ಅವರದ್ದೂ ಒಂದು. ದುಡ್ಡು ಮಾಡಿದವರು ಅದೇ ಊರಲ್ಲಿ ಉಳಿದು, ಅದೇ ಊರಿಗೆ ಸುರಿದದ್ದು ಈ ಕಥೆಯಲ್ಲಿ ಮರೆಯಬಾರದ ಭಾಗ. ಎಲ್ಲ ಊರಿಗೂ ಈ ಭಾಗ್ಯ ಇಲ್ಲ. 1993ರಲ್ಲಿ ವಾಲ್ನಟ್ ಸ್ಟ್ರೀಟ್ ಸೇತುವೆ ತೆರೆಯಿತು. ಅದು 1891ರ ಸೇತುವೆ, 1978ರಲ್ಲಿ ಮುಚ್ಚಿದ್ದು, ಕೆಡವಲು ತಯಾರಿ ನಡೆದಿತ್ತು. ಜನ ಬಿಡಲಿಲ್ಲ. ದುರಸ್ತಿ ಮಾಡಿ ನಡೆಯುವವರಿಗೆ ಮಾತ್ರ ಅಂತ ಬಿಟ್ಟರು. ಸುಮಾರು 720 ಮೀಟರ್ ಉದ್ದ. ನಿಮ್ಮ ಮಾವನಿಗೆ ಬೆಳಗಿನ ವಾಕಿಂಗಿಗೆ ಅಷ್ಟು ಸಾಕು ಅಲ್ವಾ? ಸಾಲದಿದ್ದರೆ ದಂಡೆಯುದ್ದಕ್ಕೂ ಮೈಲಿಗಟ್ಟಲೆ ರಿವರ್‌ವಾಕ್ ಇದೆ.

ಈ ಸೇತುವೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು. 1906ರಲ್ಲಿ ಎಡ್ ಜಾನ್ಸನ್ ಎಂಬ ಕಪ್ಪು ಯುವಕನನ್ನು ಬಿಳಿಯರ ಗುಂಪೊಂದು ಜೈಲಿನಿಂದ ಎಳೆದು ತಂದು ಇದೇ ಸೇತುವೆಯ ಮೇಲೆ ಕೊಂದಿತು. ಸುಪ್ರೀಂ ಕೋರ್ಟ್ ಅವನ ಮರಣದಂಡನೆಗೆ ತಡೆ ಕೊಟ್ಟಿದ್ದರೂ ಕೊಂದರು. 2021ರಲ್ಲಿ ಸೇತುವೆಯ ದಕ್ಷಿಣದ ತುದಿಯಲ್ಲಿ ಅವನ ಸ್ಮಾರಕ ಆಯಿತು. ಮಕ್ಕಳನ್ನು ಕರೆದುಕೊಂಡು ಹೋದಾಗ ತೋರಿಸಿ, ವಿವರಿಸಿ. ದಕ್ಷಿಣದ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಇದು ಗೊತ್ತಿರಬೇಕು.

ಈಗ ನಿಮಗೆ ನೇರವಾಗಿ ಸಂಬಂಧಿಸಿದ್ದಕ್ಕೆ ಬರುತ್ತೇನೆ, ಇಂಟರ್ನೆಟ್ಟಿಗೆ. ಚಟನೂಗದ ಕರೆಂಟ್ ಕಂಪನಿ ಇಪಿಬಿ. ಅದು 1935ರಲ್ಲಿ ಆದದ್ದು, ಊರಿನ ಸ್ವಂತ ಆಸ್ತಿ. ಲಾಭ ತೆಗೆದುಕೊಂಡು ಹೋಗುವ ಷೇರುದಾರರಿಲ್ಲ. ಕರೆಂಟ್ ಜಾಲವನ್ನು ಸುಧಾರಿಸಲು ಅವರು ಊರಿಗೆಲ್ಲ ಫೈಬರ್ ಎಳೆದರು. ಕೇಂದ್ರ ಸರ್ಕಾರ 11.1 ಕೋಟಿ ಡಾಲರ್ ನೆರವು ಕೊಟ್ಟಿತು. ಅದೇ ಫೈಬರಿನಲ್ಲಿ 2010ರಲ್ಲಿ ಪ್ರತಿ ಮನೆಗೂ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಇಂಟರ್ನೆಟ್ ಕೊಡಲು ಶುರು ಮಾಡಿದರು. ಇಡೀ ಊರಿಗೆ ಅಷ್ಟು ವೇಗ ಕೊಟ್ಟದ್ದು ಅಮೆರಿಕದಲ್ಲಿ ಅದೇ ಮೊದಲು. ಕೇಬಲ್ ಕಂಪನಿಗಳು ಕೋರ್ಟಿಗೆ ಹೋದವು, ಗೆಲ್ಲಲಿಲ್ಲ. 2015ಕ್ಕೆ 10 ಗಿಗಾಬಿಟ್ ಬಂತು.

ವೇಗದ ಸಂಖ್ಯೆಗಿಂತ ನನಗೆ ಮುಖ್ಯ ಅನ್ನಿಸುವುದು ಬೇರೆ. ಫೈಬರಿನ ಜೊತೆ ಅವರು ಕರೆಂಟ್ ಲೈನಿನಲ್ಲಿ 1,200ರಷ್ಟು ತಾನಾಗಿ ಕೆಲಸ ಮಾಡುವ ಸ್ವಿಚ್ಚುಗಳನ್ನು ಹಾಕಿದರು. ಎಲ್ಲೋ ಮರ ಬಿದ್ದು ಲೈನ್ ಹರಿದರೆ ಆ ತುಂಡನ್ನು ಮಾತ್ರ ಬಿಟ್ಟು ಬೇರೆ ದಾರಿಯಲ್ಲಿ ಕರೆಂಟ್ ತಿರುಗುತ್ತದೆ. ಬಿರುಗಾಳಿಯ ಸೀಮೆಯಲ್ಲಿ ಇದು ದೊಡ್ಡ ವಿಷಯ. ಬಿರುಗಾಳಿ ಅಂದೆನಲ್ಲ, 2020ರ ಏಪ್ರಿಲ್ 12ರ ರಾತ್ರಿ ಊರಿನ ಪೂರ್ವ ಭಾಗಕ್ಕೆ ಸುಂಟರಗಾಳಿ ಬಡಿದಿತ್ತು. ಮನೆ ನೋಡುವಾಗ ಒಳಗೆ ಅವಿತುಕೊಳ್ಳುವ ಜಾಗ ಎಲ್ಲಿದೆ ಅಂತ ಕೇಳಿ. ಇನ್ನು ಕೋವಿಡ್ ಬಂದಾಗ ಇಪಿಬಿ, ಶಾಲಾ ಇಲಾಖೆ ಸೇರಿ ಸುಮಾರು 28,000 ಬಡ ಮಕ್ಕಳ ಮನೆಗೆ ಉಚಿತ ಇಂಟರ್ನೆಟ್ ಕೊಡುವ ಯೋಜನೆ ಮಾಡಿದವು. ಕಂಪನಿ ಊರಿನದ್ದೇ ಆಗಿದ್ದರಿಂದ ಅದು ಅಷ್ಟು ಬೇಗ ಆಯಿತು. ಬೆಳವಣಿಗೆಯನ್ನು ಹೀಗೆ ಬಳಸಿದಾಗ ಅದು ಬದುಕಾಗುತ್ತದೆ.

ಆದರೆ ಒಂದು ಮಿತಿ ಇದೆ. ರಾಜ್ಯದ ಕಾನೂನಿನ ಪ್ರಕಾರ ಇಪಿಬಿ ತನ್ನ ಕರೆಂಟ್ ಇರುವ ಪ್ರದೇಶದ ಹೊರಗೆ ಇಂಟರ್ನೆಟ್ ಕೊಡುವಂತಿಲ್ಲ. 2016ರಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯವೂ ರಾಜ್ಯದ ಪರವಾಗಿ ತೀರ್ಪು ಕೊಟ್ಟಿತು. ಹಾಗಾಗಿ ಅಗ್ಗ ಅಂತ ದೂರದ ಹಳ್ಳಿ ಕಡೆ ಮನೆ ಹಿಡಿಯುವ ಮುಂಚೆ ಆ ವಿಳಾಸಕ್ಕೆ ಇಪಿಬಿ ಬರುತ್ತದಾ ಅಂತ ನೋಡಿ. ನಿಮ್ಮ ಕೆಲಸವೇ ಅದರ ಮೇಲೆ ನಿಂತಿದೆ.

ದೊಡ್ಡ ಕಾರ್ಖಾನೆ ಬಂದದ್ದು ಗಾಳಿ, ನದಿ ದಂಡೆ ಎಲ್ಲ ಸುಧಾರಿಸಿದ ಮೇಲೆ. ಹಳೆಯ ಟಿಎನ್‌ಟಿ ಕಾರ್ಖಾನೆಯ ಜಾಗವನ್ನು ಶುದ್ಧ ಮಾಡಿ ಕೈಗಾರಿಕಾ ಪಾರ್ಕ್ ಮಾಡಿದ್ದರು. 2008ರ ಜುಲೈನಲ್ಲಿ ಫೋಕ್ಸ್‌ವ್ಯಾಗನ್ ಅಲ್ಲಿಗೆ ಬರುತ್ತೇನೆ ಅಂದಿತು. 2011ರಲ್ಲಿ ಕಾರು ಹೊರಬಂತು. ಸುಮ್ನೆ ಬರಲಿಲ್ಲ, ರಾಜ್ಯ ಮತ್ತು ಊರು ಸೇರಿ 50 ಕೋಟಿ ಡಾಲರಿಗೂ ಹೆಚ್ಚಿನ ರಿಯಾಯಿತಿ, ನೆರವು ಕೊಟ್ಟವು. ಅಷ್ಟು ದೊಡ್ಡ ಮೊತ್ತ ಕೊಟ್ಟದ್ದು ಸರಿಯಾ ಅಂತ ಅರ್ಥಶಾಸ್ತ್ರದವರಲ್ಲಿ ಜಗಳ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಅದು ಜಾಸ್ತಿಯಾಯಿತು. ನದಿ, ಗಾಳಿ, ರೈಲು, ಹೆದ್ದಾರಿ, ಕರೆಂಟ್ ಎಲ್ಲ ಇದ್ದ ಊರು ಇನ್ನೂ ಬಿಗಿಯಾಗಿ ಚೌಕಾಸಿ ಮಾಡಬಹುದಿತ್ತು.

ಅಲ್ಲಿನ ಕಾರ್ಮಿಕರ ಕಥೆ ಗಮನಿಸಿ. ಕಾರು ಕಾರ್ಮಿಕರ ಯುಎಡಬ್ಲ್ಯೂ ಯೂನಿಯನ್ ಸೇರಬೇಕಾ ಬೇಡವಾ ಅಂತ 2014ರಲ್ಲಿ ಮತ ಹಾಕಿದರು. 712 ವಿರೋಧ, 626 ಪರ. 2019ರಲ್ಲಿ ಯೂನಿಯನ್ ಪರದವರು ಮತ್ತೆ ಸೋತರು, ಅಂತರ ಇನ್ನೂ ಕಡಿಮೆ. 2024ರ ಏಪ್ರಿಲ್‌ನಲ್ಲಿ 2,628 ಪರ, 985 ವಿರೋಧ. ರಾಜ್ಯದ ನಾಯಕರು ಬೇಡ ಬೇಡ ಅನ್ನುತ್ತಿದ್ದಾಗಲೇ ಆದದ್ದು ಇದು. ಬೆಳವಣಿಗೆ ತನಗೆ ಸಾಕಷ್ಟು ತಲುಪಿದೆ ಅಂದುಕೊಂಡ ಜನ ಹತ್ತು ವರ್ಷ ಹೀಗೆ ಹೋರಾಡುವುದಿಲ್ಲ. ಟೆನೆಸ್ಸಿಗೆ ತನ್ನದೇ ಕನಿಷ್ಠ ಕೂಲಿ ಕಾನೂನು ಇಲ್ಲ. ಕೇಂದ್ರದ್ದೇ ಅನ್ವಯ, ಅದು 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ನಿಮ್ಮ ನ್ಯೂಜೆರ್ಸಿಯಲ್ಲಿ ಅದು 15 ಡಾಲರಿಗಿಂತ ಹೆಚ್ಚು. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಅನ್ನೂ ಈ ರಾಜ್ಯ ವಿಸ್ತರಿಸಿಲ್ಲ. ನಿಮ್ಮ ಮನೆಗೆ ಇವು ನೇರವಾಗಿ ತಟ್ಟದಿರಬಹುದು. ಆದರೆ ನಿಮ್ಮ ಮಕ್ಕಳ ಜೊತೆ ಬೆಂಚಿನಲ್ಲಿ ಕೂರುವ ಮಕ್ಕಳ ಮನೆಗಳಿಗೆ ತಟ್ಟುತ್ತವೆ. ಅದನ್ನು ಬಿಟ್ಟು ಊರಿನ ಬದುಕು ಅಂತ ಬೇರೆ ಏನೂ ಇಲ್ಲ.

ಕಷ್ಟದ ಭಾಗ ಇನ್ನೂ ಇದೆ. ಐವತ್ತು, ಅರವತ್ತರ ದಶಕದಲ್ಲಿ ಕ್ಯಾಮರಾನ್ ಹಿಲ್ ಎಂಬ ಗುಡ್ಡದ ನೆತ್ತಿಯನ್ನೇ ಕತ್ತರಿಸಿ ಆ ಮಣ್ಣನ್ನು ಹೆದ್ದಾರಿಗೆ ತುಂಬಿದರು. ಆ ಅಭಿವೃದ್ಧಿಯಲ್ಲಿ ಪಶ್ಚಿಮ ಭಾಗದ ಎಷ್ಟೋ ಕಪ್ಪು ಕುಟುಂಬಗಳ ಮನೆ ಹೋದವು. ಈಗ ಅದೇ ಗುಡ್ಡದ ಮೇಲೆ ಆರೋಗ್ಯ ವಿಮೆ ಕಂಪನಿಯ ದೊಡ್ಡ ಕಚೇರಿ ಇದೆ. ದಕ್ಷಿಣ ಭಾಗದ ಹಳೆಯ ಬಡಾವಣೆಗಳಲ್ಲಿ ಈಗ ಕೆಫೆ, ಹೊಸ ಅಪಾರ್ಟ್‌ಮೆಂಟ್ ಎದ್ದಿವೆ. ಬಾಡಿಗೆ ಏರಿ ಹಳಬರು ಹೊರಗೆ ಸರಿಯುತ್ತಿದ್ದಾರೆ. 2020ರ ಜನಗಣತಿಯಲ್ಲಿ ಊರಿನ ಜನ 1.81 ಲಕ್ಷ. ಬರುವವರಲ್ಲಿ ನಿಮ್ಮ ಥರ ಹೊರಗಿನ ದೊಡ್ಡ ಊರಿನ ಸಂಬಳ ಹಿಡಿದು ಮನೆಯಿಂದ ಕೆಲಸ ಮಾಡುವವರೂ ಇದ್ದಾರೆ. ಇದು ನಿಮ್ಮ ತಪ್ಪಲ್ಲ. ಆದರೆ ಅಲ್ಲಿನ ಅಂಗಡಿ ಹುಡುಗ, ನರ್ಸು, ಬಸ್ ಡ್ರೈವರ್ ಮನೆ ಹುಡುಕುವುದು ನಿಮ್ಮಂಥವರ ಜೊತೆ ಪೈಪೋಟಿಯಲ್ಲಿ. ಸುಧಾರಿಸಿದ ಊರನ್ನು ಸುಧಾರಿಸಿದವರೇ ಬಿಡಬೇಕಾದರೆ ಆ ಕೆಲಸ ಅರ್ಧಕ್ಕೆ ನಿಂತಂತೆ. ಚಟನೂಗದ ಮುಂದೆ ಈಗ ಇರುವ ದೊಡ್ಡ ಪರೀಕ್ಷೆ ಇದೇ ಅಂತ ನಾನು ನಂಬಿದ್ದೇನೆ.

ಮನೆ ಕೊಳ್ಳುವವರು ತಿಳಿಯಲೇಬೇಕಾದ ಇನ್ನೊಂದು ವಿಷಯವೂ ಈ ಹಳೆಯ ಬಡಾವಣೆಗಳಲ್ಲೇ ಇದೆ. ಫೌಂಡ್ರಿಗಳಲ್ಲಿ ಎರಕ ಹೊಯ್ದು ಉಳಿದ ಮರಳನ್ನು ಹಿಂದೆ ಮನೆಯಂಗಳ, ತಗ್ಗು ಜಾಗ ತುಂಬಲು ಹಾಕಿದ್ದರು. ಅದರಲ್ಲಿ ಸೀಸ ಇತ್ತು. 2018ರಲ್ಲಿ ಕೇಂದ್ರ ಪರಿಸರ ಸಂಸ್ಥೆ ಇಪಿಎ ಈ ಪ್ರದೇಶವನ್ನು ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ಅಂದರೆ ದೇಶದ ಅತಿ ಕಲುಷಿತ ಜಾಗಗಳ ಪಟ್ಟಿ. ಆಲ್ಟನ್ ಪಾರ್ಕ್, ಜೆಫರ್ಸನ್ ಹೈಟ್ಸ್, ಈಸ್ಟ್ ಲೇಕ್, ಹೈಲ್ಯಾಂಡ್ ಪಾರ್ಕ್ ಮುಂತಾದ ಕಡೆ ಅಂಗಳದ ಮಣ್ಣು ಪರೀಕ್ಷಿಸಿ, ಸೀಸ ಇದ್ದಲ್ಲಿ ತೆಗೆದು ಹೊಸ ಮಣ್ಣು ಹಾಕುವ ಕೆಲಸ ನಡೆದಿದೆ. ಆ ಕಡೆ ಮನೆ ಇಷ್ಟವಾದರೆ ಆ ಅಂಗಳದ ಮಣ್ಣಿನ ಪರೀಕ್ಷೆ ಆಗಿದೆಯಾ, ಫಲಿತಾಂಶ ಏನು ಅಂತ ಕಾಗದದಲ್ಲಿ ಕೇಳಿ. ಸಣ್ಣ ಮಕ್ಕಳ ಮೆದುಳಿಗೆ ಸೀಸ ವಿಷ. ಅತ್ತೆ ಬಂದು ಹಿತ್ತಲಲ್ಲಿ ಸೊಪ್ಪು ಬೆಳೆಯುತ್ತೇನೆ ಅಂದರೂ ಇದೇ ಮಾತು.

ಸಂಬಳದ ಲೆಕ್ಕ ಹೀಗೆ ಮಾಡಿ. ಟೆನೆಸ್ಸಿಯಲ್ಲಿ ಸಂಬಳದ ಮೇಲೆ ರಾಜ್ಯ ಆದಾಯ ತೆರಿಗೆ ಇಲ್ಲ. ಮನೆ ತೆರಿಗೆ ನ್ಯೂಜೆರ್ಸಿಗೆ ಹೋಲಿಸಿದರೆ ಬಹಳ ಕಡಿಮೆ. ಆದರೆ ಕೊಳ್ಳುವುದರ ಮೇಲೆ ತೆರಿಗೆ ಜಾಸ್ತಿ. ಚಟನೂಗ ಇರುವ ಹ್ಯಾಮಿಲ್ಟನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಮಾರಾಟ ತೆರಿಗೆ 9.25 ಶೇಕಡ. ನ್ಯೂಜೆರ್ಸಿಯಲ್ಲಿ ಅದು 6.625. ಅಕ್ಕಿ, ಬೇಳೆ, ತರಕಾರಿಗೆ ನ್ಯೂಜೆರ್ಸಿಯಲ್ಲಿ ತೆರಿಗೆಯೇ ಇಲ್ಲ, ಇಲ್ಲಿ 6.25 ಇದೆ. ನಿಮ್ಮಂಥ ಮನೆಗೆ ಒಟ್ಟಿನಲ್ಲಿ ಉಳಿತಾಯವೇ. ಕಡಿಮೆ ಸಂಪಾದಿಸುವವರಿಗೆ ಹಾಗಲ್ಲ, ಅವರ ದುಡಿಮೆಯ ದೊಡ್ಡ ಪಾಲು ದಿನಸಿಗೇ ಹೋಗುತ್ತದಲ್ಲ. ನೀವು ಮರೆಯಬಹುದಾದ ಖರ್ಚು ಕಾರು. ಇಬ್ಬರಿಗೂ ಒಂದೊಂದು ಬೇಕಾಗುತ್ತದೆ.

ಶಾಲೆ ವಿಷಯದಲ್ಲಿ ಇಡೀ ಕೌಂಟಿಗೆ ಒಂದೇ ಶಾಲಾ ಇಲಾಖೆ. ಊರಿನದ್ದು, ಕೌಂಟಿಯದ್ದು 1997ರಲ್ಲಿ ಸೇರಿದವು. ಆದರೂ ಶಾಲೆಯಿಂದ ಶಾಲೆಗೆ ಅಂತರ ದೊಡ್ಡದು. ಊರಿನ ಅನುಕೂಲಸ್ಥರು ತಲೆಮಾರುಗಳಿಂದ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿದ್ದಾರೆ. ಸರ್ಕಾರಿ ಶಾಲೆಗಳಿಗೆ ಅದರಿಂದ ನಷ್ಟವಾಗಿದೆ. ಯಾವುದಾದರೂ ಒಂದು ವಿಷಯಕ್ಕೆ ಒತ್ತು ಕೊಡುವ ಮ್ಯಾಗ್ನೆಟ್ ಎಂಬ ಸರ್ಕಾರಿ ಶಾಲೆಗಳಲ್ಲಿ ಕೆಲವು ಬಹಳ ಒಳ್ಳೆಯವು, ಆದರೆ ಅರ್ಜಿ ಹಾಕಿ ಕಾಯಬೇಕು. ಮನೆ ನೋಡುವ ಮುಂಚೆ ಅರ್ಜಿಯ ದಿನಾಂಕ ನೋಡಿ.

ಅತ್ತೆ, ಮಾವನ ವಿಷಯಕ್ಕೆ ಹೆಚ್ಚು ಯೋಚಿಸಿ. ಎಡಿಸನ್‌ನಲ್ಲಿ ಓಕ್ ಟ್ರೀ ರೋಡಿಗೆ ಹೋದರೆ ನಮ್ಮವರ ಮುಖ, ನಮ್ಮ ತಿಂಡಿ. ಚಟನೂಗದಲ್ಲಿ ಆ ಥರದ ಬೀದಿ ಇಲ್ಲ. ಕನ್ನಡದ ದೊಡ್ಡ ಬಳಗ ಅಂದರೆ ಅಟ್ಲಾಂಟದ ನೃಪತುಂಗ ಕನ್ನಡ ಕೂಟ. ಅದು ಕಾರಿನಲ್ಲಿ ಎರಡು ಗಂಟೆ ದೂರ. ರಿವರ್‌ಡೇಲ್‌ನ ವೆಂಕಟೇಶ್ವರ ದೇವಸ್ಥಾನ, ಇಂಡಿಯಾದಿಂದ ಬರುವವರು ಇಳಿಯುವ ದೊಡ್ಡ ವಿಮಾನ ನಿಲ್ದಾಣ, ಎಲ್ಲ ಅಟ್ಲಾಂಟ ಕಡೆಗೇ. ಪ್ಯಾಸೆಂಜರ್ ರೈಲು ಇಲ್ಲ. ಕಾರು ಓಡಿಸದ ಹಿರಿಯರು ಬೆಟ್ಟದ ಮೇಲಿನ ಬಡಾವಣೆಯಲ್ಲಿ ಇಡೀ ದಿನ ಮನೆಯೊಳಗೇ ಕೂರಬೇಕಾಗುತ್ತದೆ. ಹಾಗಾಗಿ ನಿಮ್ಮ ಮನೆ ನಡೆದು ಓಡಾಡುವಂಥ ಜಾಗದಲ್ಲಿರಲಿ. ಸೇತುವೆಯ ಉತ್ತರಕ್ಕಿರುವ ನಾರ್ತ್ ಶೋರ್ ಅಂಥದ್ದು. ಬಾಡಿಗೆ ಜಾಸ್ತಿ, ಮನೆ ಚಿಕ್ಕದು. ಆದರೂ ನಾನು ಅದನ್ನೇ ಆರಿಸುತ್ತಿದ್ದೆ. ಚಳಿ ಎಡಿಸನ್‌ಗಿಂತ ಕಡಿಮೆ, ಅದು ಅವರಿಗೆ ಲಾಭ.

ಕೊನೆಗೆ ವೀಸಾ. ಎಚ್‌-1ಬಿ ಇರುವವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ನ್ಯೂಜೆರ್ಸಿಯಲ್ಲಿ ಅಷ್ಟರೊಳಗೆ ಅದೇ ಕಸುಬಿನ ಇನ್ನೊಂದು ಕಂಪನಿ ಹುಡುಕಬಹುದು. ಚಿಕ್ಕ ಊರಿನಲ್ಲಿ ಅಂಥ ಕಂಪನಿ ಎರಡೋ ಮೂರೋ ಇರಬಹುದು, ಒಂದೂ ಇಲ್ಲದಿರಬಹುದು. ವಿಮೆ, ಸಾರಿಗೆ, ಕಾರು, ವಿದ್ಯುತ್ ಕ್ಷೇತ್ರವಾದರೆ ಚಟನೂಗದಲ್ಲಿ ಬೇರೂರಿದ ದೊಡ್ಡ ಸಂಸ್ಥೆಗಳಿವೆ. ಬೇರೆ ಕಸುಬಾದರೆ ಮುಂದಿನ ಕೆಲಸ ಅಟ್ಲಾಂಟದಲ್ಲಿ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅದಕ್ಕೇ ಮೊದಲ ವರ್ಷ ಮನೆ ಕೊಳ್ಳಬೇಡಿ, ಬಾಡಿಗೆಗೆ ಇರಿ. ಯಜಮಾನರು ಸಹಿ ಹಾಕುವ ಮುಂಚೆ ಕಂಪನಿಯನ್ನು ಎರಡು ವಿಷಯ ಕೇಳಲಿ. ಗ್ರೀನ್ ಕಾರ್ಡ್ ಅರ್ಜಿ ಯಾವ ತಿಂಗಳು ಶುರು ಮಾಡುತ್ತಾರೆ? ವಾರದಲ್ಲಿ ಎಷ್ಟು ದಿನ ಕಚೇರಿಗೆ ಬರಬೇಕು? ಎರಡಕ್ಕೂ ಉತ್ತರ ಬರಹದಲ್ಲೇ ಇರಲಿ.